ರಬ್ಬರ್ ಬಿರಡೆ
ಚಾಮರಾಜಪೇಟೆಯ ಆ ಕಾರ್ ರೇಡಿಯೋ ರಿಪೇರಿಯವರನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಹಳೇ ಗಾಡಿಗೆ ಅದರ ಕಾಲದ್ದೇ ರೇಡಿಯೋ, ಅದರ ಕಾಲದ್ದೇ ಆಂಟೆನಾ, ಬೇರೆಯದನ್ನು ಮುಟ್ಟುತ್ತಿರಲಿಲ್ಲ. ಅವಸರ ಮಾಡಿದರೆ ಕನ್ನಡಕ ಹಣೆಗೇರಿಸಿ, “ಗಾಡೀನ ಕೇಳಿದ್ರಾ?” ಎನ್ನುತ್ತಿದ್ದರು.

ಅಪ್ಪನ ಫಿಯಟ್‌ಗೆ ಆಂಟೆನಾ ಹುಡುಕಿಕೊಡಿ ಎಂದು ಅವರಿಗೆ ಹೇಳಿ ತಿಂಗಳುಗಟ್ಟಲೆ ಕಾದೆ. ಹಳೇ ಕಾರುಗಳ ಮೆರವಣಿಗೆ ಹತ್ತಿರ ಬಂತು. ತಾಳ್ಮೆಗೆಟ್ಟು ಬೇರೆ ಅಂಗಡಿಯಲ್ಲಿ ಬಲಗಡೆ ಮಡ್‌ಗಾರ್ಡಿಗೆ ತೂತು ಕೊರೆಸಿ, ಹೊಳೆಯುವ ಹೊಸದೊಂದನ್ನು ಹಾಕಿಸಿದೆ.

ಮೆರವಣಿಗೆಯ ದಿನ ಬೆಳಿಗ್ಗೆ ಅವರು ಪೇಪರಿನಲ್ಲಿ ಸುತ್ತಿದ ಹಳೇ ಆಂಟೆನಾ ಹಿಡಿದು ಬಸವನಗುಡಿಯ ನಮ್ಮ ಮನೆಗೇ ಬಂದುಬಿಟ್ಟರು. ಗಾಡಿ ನೋಡಿದ್ದೇ ಸಿಡಿದರು. “ಯಾವನ್ರೀ ಇದನ್ನ ಕೊರ್ದಿದ್ದು? ಗಾಡೀನ ಕೇಳಿದ್ರಾ?”

“ನನ್ ಗಾಡಿ, ನನ್ನಿಷ್ಟ!” ಎಂದು ನಾನೂ ಕೂಗಿದೆ.

ಅವರು ಎಡಗಡೆ ಮಡ್‌ಗಾರ್ಡಿನ ಅಡಿಗೆ ಕೈ ತೂರಿಸಿ ತಡಕಿದರು, ಹೆಬ್ಬೆರಳಿನಿಂದ ಒತ್ತಿದರು. ಬಣ್ಣದ ಚಕ್ಕೆಯ ಸಮೇತ ಒಂದು ರಬ್ಬರ್ ಬಿರಡೆ ಮೇಲೆದ್ದು ಬಂತು. ಆಂಟೆನಾಗೆಂದು ಕಂಪನಿಯವರೇ ಮಾಡಿದ್ದ ತೂತು ಅದರಡಿಯಲ್ಲಿತ್ತು. ತಾವು ತಂದದ್ದನ್ನು ಅಲ್ಲಿ ಕೂರಿಸಿ ಬಿಗಿ ಮಾಡಿದರು.

ಆಮೇಲೆ ಆ ಬಿರಡೆಯನ್ನು ನನ್ನ ಅಂಗೈಗೆ ಒತ್ತಿ, “ಇದನ್ನ ಇಟ್ಕೊಳ್ಳಿ. ನೀವ್ ಕೊರ್ಸಿದ್ ತೂತಿಗೆ ಬೇಕಾಗತ್ತೆ” ಎಂದು ಹೊರಟೇ ಹೋದರು.