ಜಗಲಿ ಏರಿದ ದ್ಯಾಮವ್ವ

ಕುಷ್ಟಗಿಯ ದಾನೇಶ್ವರಿ ರವಿಕೆ ಹೊಲಿಯುವವಳು. ಹೊಲಿಗೆ ಯಂತ್ರ ತುಳಿಯುತ್ತಲೇ ಕವಿತೆ ಕಟ್ಟುತ್ತಾಳೆ. ಅವಳ ದೇವರುಗಳಿಗೆ ಕೈಲಾಸ ವೈಕುಂಠಗಳ ಸುಖವಿಲ್ಲ. ಹಣಮಪ್ಪ ಯಲಬುರ್ಗಾದ ಬಸ್ಸಿಗೆ ಕಾದು ಕಾದು ಸಾಕಾಗಿ ತನ್ನ ಹಳೆಯ ಹಾರಾಟಕ್ಕೇ ಮರಳುತ್ತಾನೆ. ಊರದೇವಿ ದ್ಯಾಮವ್ವ ಎಲ್ಲರಿಗೂ ರೊಟ್ಟಿ ಬಡಿದು ಹಾಕಿ, ಕೊನೆಗೆ ತಾನು ಉಣ್ಣಲು ಕೂರುವಾಗ ಮೊಣಕಾಲು ಹಿಡಿದುಕೊಳ್ಳುತ್ತಾಳೆ.

ಈ ದ್ಯಾಮವ್ವ ಬೇರೆ ಯಾರೂ ಅಲ್ಲ, ದಾನೇಶ್ವರಿಯ ಅತ್ತೆ ಶೇಖರಮ್ಮ. ವರ್ಷಗಟ್ಟಲೆ ಒಂದೇ ಒಲೆಯ ಮುಂದೆ ಕೂತರೂ ಇಬ್ಬರ ನಡುವೆ ಉಪ್ಪು-ಖಾರದ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ಹೇಳಲಾಗದ್ದನ್ನು ಸೊಸೆ ಬರೆದಳು. ಅದು ಓದು ಬಾರದ ಅತ್ತೆಯ ಕಿವಿಗೊಮ್ಮೆ ಬೀಳಲಿ ಎಂಬುದೊಂದೇ ಅವಳ ಆಸೆ. ತಾನಾಗಿ ಓದಿ ಹೇಳಲು ಮಾತ್ರ ನಾಲಿಗೆ ಏಳಲಿಲ್ಲ.

ಪುಸ್ತಕ ಅಚ್ಚಾಗಿ ಬಂತು. ಮುಖಪುಟದ ಮೇಲೆ ದ್ಯಾಮವ್ವನ ಚಿತ್ರ, ಅಲ್ಲೇ ಎಡವಟ್ಟಾಯಿತು. ಶೇಖರಮ್ಮ ಅದನ್ನು ಕಣ್ಣಿಗೊತ್ತಿಕೊಂಡು, ಕುಂಕುಮ ಹಚ್ಚಿ, ದೇವರ ಜಗಲಿಯ ಮೇಲೆ ಇಟ್ಟುಬಿಟ್ಟಳು. ದಿನಾ ಹೂವು, ಊದಿನಕಡ್ಡಿ. ಮೈಲಿಗೆಯಲ್ಲಿ ಯಾರೂ ಮುಟ್ಟುವಂತಿಲ್ಲ. ಪುಸ್ತಕ ಪಡೆದ ಓಣಿಯವರೂ ಹಾಗೇ ಮಾಡಿದರು. ಬದುಕಿರುವಾಗಲೇ ಇಷ್ಟು ಪೂಜೆ ಕಂಡ ಕವಯಿತ್ರಿ ಇನ್ನೊಬ್ಬಳಿದ್ದಾಳೋ ಇಲ್ಲವೋ, ಓದುವವರು ಮಾತ್ರ ಒಬ್ಬರೂ ಇರಲಿಲ್ಲ. ದಾನೇಶ್ವರಿಗೆ ಅಳು ಬರುತ್ತಿತ್ತು.

ಶ್ರಾವಣ ಬಂತು. ಆ ತಿಂಗಳು ಮನೆಯಲ್ಲಿ ಪುರಾಣ ಓದಿಸುವ ರೂಢಿ. ಜಗಲಿಯ ಮೇಲೆ ಕೂತ ಮೇಲೆ ಇದೂ ಪುರಾಣವೇ ಅಲ್ಲವೇ? ಶೇಖರಮ್ಮ ಓಣಿಯ ಹೆಂಗಸರನ್ನು ಕರೆದು, ದೀಪ ಹಚ್ಚಿ, ಪುಸ್ತಕವನ್ನು ಸೊಸೆಯ ಕೈಗೆ ಕೊಟ್ಟಳು. ಹಣಮಪ್ಪನ ಬಸ್ಸಿನ ಪಾಡು ಕೇಳಿ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ದ್ಯಾಮವ್ವನ ಕವಿತೆಯನ್ನು ದಾನೇಶ್ವರಿ ಪುಸ್ತಕದಿಂದ ತಲೆ ಎತ್ತದೆ ಓದಿ ಮುಗಿಸಿದಳು.

ಮಂಗಳಾರತಿಯಾಗಿ ಎಲ್ಲರೂ ಎದ್ದು ಹೋದರು. ಶೇಖರಮ್ಮ ಕೂತಲ್ಲೇ ಇದ್ದಳು.

“ನನ್ನ ಮೊಣಕಾಲ ನೋವು ದೇವಿಗಿ ಯಾಕ ಹಚ್ಚೀದಿ?”

ದಾನೇಶ್ವರಿ ತಪ್ಪಾಯಿತೆನ್ನಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯೇ ಮುಂದುವರಿಸಿದಳು.

“ಇರ್ಲಿ ಬಿಡು. ಇಷ್ಟು ವರ್ಸ ಆಕಿ ಮುಂದ ಕೈ ಮುಗದು ಹೇಳೀನಿ, ಕಿವಿಗಿ ಹಾಕ್ಕೊಳ್ಳಲಿಲ್ಲ. ಈಗರ ಆಕಿಗಿ ತಿಳೀಲಿ.”

ಆಮೇಲೆ ಸೊಸೆಯ ಕೈಯನ್ನು ತನ್ನ ಮೊಣಕಾಲ ಮೇಲೆ ಇಟ್ಟುಕೊಂಡು, ಅದನ್ನೇ ಇನ್ನೊಮ್ಮೆ ಓದು ಎಂದಳು.

ಪುಸ್ತಕ ಮತ್ತೆ ಜಗಲಿಗೆ ಹೋಗಲಿಲ್ಲ. ಈಗ ಅಡುಗೆಮನೆಯಲ್ಲಿರುತ್ತದೆ. ಮುಖಪುಟದ ದ್ಯಾಮವ್ವನಿಗೆ ಜೋಳದ ಹಿಟ್ಟು ಮೆತ್ತಿದೆ. ಮೊದಲ ಬಿಸಿ ರೊಟ್ಟಿ ಅತ್ತೆಯ ತಾಟಿಗೆ ಬೀಳುತ್ತದೆ.