ದುಡ್ಡು ಹೆಚ್ಚೈತೆ

ನಮ್ಮ ಮನೆಯಲ್ಲಿ ಏನೂ ಖಾಲಿಯಾಗುತ್ತಿರಲಿಲ್ಲ. ಬಡತನ ಬೇಕಾದಷ್ಟಿತ್ತು, ಆದರೆ ಖಾಲಿ ಅನ್ನುವ ಮಾತಿರಲಿಲ್ಲ. ಅಕ್ಕಿ ಮುಗಿದರೆ ಅಕ್ಕಿ ಹೆಚ್ಚಿದೆ ಅನ್ನಬೇಕು, ಎಣ್ಣೆ ಮುಗಿದರೆ ಎಣ್ಣೆ ಹೆಚ್ಚಿದೆ ಅನ್ನಬೇಕು. ಬಳೆ ಮಾರಿ ಬದುಕಿದ ಮನೆ ನಮ್ಮದು. ಬಳೆ ಒಡೆಯಿತು ಅಂದರೆ ಬಾಯಿಯ ಮೇಲೊಂದು ಬೀಳುತ್ತಿತ್ತು. ಬಳೆ ಹೆಚ್ಚಿತು, ಅಷ್ಟೆ. ಇಲ್ಲ ಅಂದರೆ ಇಲ್ಲವೇ ಆಗಿಬಿಡುತ್ತದೆ ಎಂಬ ಹೆದರಿಕೆ. ಚಿಕ್ಕಂದಿನಲ್ಲಿ ಅಕ್ಕ ನನ್ನ ಕೈಗೆ ಚೀಲ ಕೊಟ್ಟು ದಿನಸಿ ಅಂಗಡಿಗೆ ಅಟ್ಟುತ್ತಿದ್ದಳು. ನಾನು ಹೋಗಿ, "ಅಕ್ಕಿ ಹೆಚ್ಚೈತಂತೆ" ಅನ್ನುತ್ತಿದ್ದೆ. ಅಂಗಡಿಯ ತಾತ ಮರುಮಾತಿಲ್ಲದೆ ಸೇರು ಕೈಗೆತ್ತಿಕೊಂಡು ಅಳೆಯುತ್ತಿದ್ದ.

ಅಕ್ಕ ನನಗಿಂತ ಬಹಳ ದೊಡ್ಡವಳು. ಅಮ್ಮ ಹೋದ ಮೇಲೆ ನನ್ನ ತಲೆ ಬಾಚಿದವಳು, ಫೀಸು ಕಟ್ಟಿದವಳು, ಬೈದು ಓದಿಸಿದವಳು ಅವಳೇ. ನಾನು ಓದಿ ಕನ್ನಡ ಟೀಚರಾಗಿ ಕೊರಟಗೆರೆಯ ಹೈಸ್ಕೂಲು ಸೇರಿದೆ. ಅವಳು ಪಾವಗಡದ ಬಸ್ ಸ್ಟ್ಯಾಂಡಿನ ಹತ್ತಿರ ತಳ್ಳುಗಾಡಿಯಲ್ಲಿ ಬಳೆ ಮಾರುತ್ತಾ ಉಳಿದಳು. ನಾನು ತರಗತಿಯಲ್ಲಿ ಕಹಿಯಾದದ್ದನ್ನು ಮೆತ್ತಗೆ ಹೇಳುವ ಮಾತಿನ ಬಗ್ಗೆ ಪಾಠ ಮಾಡುವಾಗ ಉದಾಹರಣೆಗೆ ಪುಸ್ತಕ ತೆರೆಯಬೇಕಾಗಿರಲಿಲ್ಲ. ನಮ್ಮ ಅಕ್ಕನೇ ಸಾಕಾಗಿತ್ತು.

ಭಾವ ತೀರಿಕೊಂಡಾಗ ಊರಿನ ಹೆಂಗಸರು ಕೂಡಿ ಅವಳ ಕೈಯ ಬಳೆ ಒಡೆದರು. ನಾನು ಬಸ್ಸು ಹಿಡಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬರಿಗೈ ಮುಂದೆ ಚಾಚಿ, "ಬಳೆ ಹೆಚ್ಚಿದ್ವು ಕಣಮ್ಮ" ಅಂದಳು. ಆವತ್ತು ನಾನು ಅಳುತ್ತಲೇ ಇದ್ದೆ. ಅವಳೇ ನನಗೆ ನೀರು ತಂದುಕೊಟ್ಟಳು.

ಆಮೇಲೂ ಅವಳಿಗೆ ಗೊತ್ತಿದ್ದ ಕೆಲಸ ಅದೊಂದೇ. ಗಾಡಿಗೆ ಮುತ್ತೈದೆಯರು ಬರುತ್ತಿದ್ದರು, ಚೌಕಾಸಿ ಮಾಡುತ್ತಿದ್ದರು, ಬಳೆ ಕೊಳ್ಳುತ್ತಿದ್ದರು. ಆದರೆ ತೊಡಿಸು ಅಂತ ಕೈ ಚಾಚುತ್ತಿರಲಿಲ್ಲ. ಕಾಗದದಲ್ಲಿ ಸುತ್ತಿಸಿಕೊಂಡು ಮನೆಗೆ ಒಯ್ಯುತ್ತಿದ್ದರು. ಎಂಥ ಬಿಗಿ ಬಳೆಯನ್ನೂ ನೋಯದ ಹಾಗೆ ಏರಿಸುತ್ತಿದ್ದ ಕೈ ಅವಳದು. ನನಗೆ ಮೈ ಉರಿಯುತ್ತಿತ್ತು. ಅವಳು ಮಾತ್ರ ನಗುತ್ತಿದ್ದಳು.

"ಒಂದು ಅಂಗಡಿ ಅಂತ ಆಗ್ಲಿ ಬುಡು. ಅಂಗಡಿಗೆ ಬರೋರು ಬೋರ್ಡ್ ನೋಡ್ಕಂಡು ಬತ್ತಾರೆ, ನನ್ನ ಕೈ ನೋಡ್ಕಂಡಲ್ಲ."

ಆ ಅಂಗಡಿಯೂ ಸಿಕ್ಕಿತ್ತು. ಅದೇ ರಸ್ತೆಯಲ್ಲಿ, ಶಟರ್ ಇದ್ದ ಸಣ್ಣ ಮಳಿಗೆ. ಗೌರಿ ಹಬ್ಬ ಕಳೆದ ಮೇಲೆ ಮುಂಗಡ ಕೊಟ್ಟರೆ ಬೀಗದ ಕೈ ಕೊಡುತ್ತೇನೆಂದು ಮಾಲೀಕ ಒಪ್ಪಿದ್ದ. ನಾನು ದುಡ್ಡು ಕೊಡುತ್ತೇನೆಂದರೆ ಬೇಡವೇ ಬೇಡ ಅಂದುಬಿಟ್ಟಳು. ಮುಂಗಡವನ್ನೆಲ್ಲ ತಾನೇ ಫೋನಿನ ಖಾತೆಯಲ್ಲಿ ಕೂಡಿಸಿದ್ದಳು. ಗಾಡಿಗೆ ಸ್ಕ್ಯಾನರ್ ಅಂಟಿಸಿ, ದುಡ್ಡು ಬಂದಾಗ ಕೂಗುವ ಪೆಟ್ಟಿಗೆಯನ್ನೂ ಇಟ್ಟುಕೊಂಡಿದ್ದಳಲ್ಲ, ಅದರ ಮೇಲೆ ಅವಳಿಗೆ ಬಲು ಅಕ್ಕರೆ. ಬೆಳಿಗ್ಗೆ ಗಾಡಿ ತೆರೆದ ಕೂಡಲೇ ಅದಕ್ಕೂ ಒಂದು ಚೂರು ಅರಿಶಿನ ಹಚ್ಚುತ್ತಿದ್ದಳು.

ಹಬ್ಬಕ್ಕೆ ಇನ್ನೂ ಒಂದು ವಾರ ಇರುವಾಗ, ಕೊರಳಲ್ಲಿ ಕಾರ್ಡು ನೇತುಹಾಕಿಕೊಂಡ ಒಬ್ಬ ಬಂದನಂತೆ. ಪೆಟ್ಟಿಗೆ ಹಳೆಯದಾಗಿದೆ, ಸರಿ ಮಾಡಿಸದಿದ್ದರೆ ಹಬ್ಬದ ಜನದಲ್ಲಿ ಕೈಕೊಡುತ್ತದೆ ಅಂದನಂತೆ. ಅವಳ ಫೋನು ಇಸಿದುಕೊಂಡು ಏನೇನೋ ಒತ್ತಿದ. "ಒಂದು ರೂಪಾಯಿ ಹಾಕಿ ನೋಡಾನ ಅಕ್ಕಾ" ಅಂದ. ಇವಳು ಅವನ ಎದುರಿಗೇ ಪಿನ್ ನಂಬರ್ ಒತ್ತಿದಳು. ಹೋಗುವಾಗ ಹೆಂಡತಿಗೆಂದು ಹಸಿರು ಬಳೆ ಕೇಳಿದ, ಅವಳ ಕೈ ಇಷ್ಟು ಸಣ್ಣ ಎಂದು ಬೆರಳು ಮಡಿಸಿ ತೋರಿಸಿದ. ಅಕ್ಕ ಆರಿಸಿ ಕೊಟ್ಟು, ಕೊಸರಿಗೆ ಎರಡು ಬಳೆ ಹೆಚ್ಚಿಗೇ ಹಾಕಿದಳು. ಕಳ್ಳನಿಗೂ ಕೊಸರು ಕೊಟ್ಟವಳು ನಮ್ಮ ಅಕ್ಕ.

ಮಾರನೆಯ ದಿನ ಖಾತೆ ತೆರೆದು ನೋಡಿದಾಗ ಮುಂಗಡದ ದುಡ್ಡು ಇರಲಿಲ್ಲ. ನನಗೆ ಫೋನ್ ಮಾಡಲಿಲ್ಲ. ಪಾಠದ ಹೊತ್ತು, ತೊಂದರೆ ಕೊಡಬಾರದು ಎಂದುಕೊಂಡಳಂತೆ. ಪೆಟ್ಟಿಗೆಯ ಮೇಲೆ ಬರೆದಿದ್ದ ಬ್ಯಾಂಕಿನ ಸಹಾಯವಾಣಿಗೆ ತಾನೇ ಫೋನ್ ಮಾಡಿದಳು. ಆ ಕಡೆಯಿಂದ ಯಾರೋ ಪುಸ್ತಕದಂತೆ ಕನ್ನಡ ಮಾತಾಡುವ ಹುಡುಗ, ಏನು ತೊಂದರೆ ಎಂದು ಕೇಳಿದ.

ಅವಳು ಹೇಳಿದಳು, "ನನ್ ಅಕೌಂಟ್ನಾಗೆ ದುಡ್ಡು ಹೆಚ್ಚೈತೆ ಕಣಪ್ಪ."

"ಹಣ ಹೆಚ್ಚಾಗಿದೆಯೇ, ಮೇಡಂ?"

"ಹೂಂ ಕಣಪ್ಪ, ಪೂರ್ತಿ ಹೆಚ್ಚೈತೆ."

"ಗಾಬರಿಯಾಗಬೇಡಿ. ಕೆಲವೊಮ್ಮೆ ಹಾಗಾಗುತ್ತದೆ. ನೀವೇನೂ ಮಾಡಬೇಕಾಗಿಲ್ಲ, ಕೆಲವು ದಿನಗಳಲ್ಲಿ ಅದು ತಾನಾಗಿಯೇ ವಾಪಸ್ಸಾಗುತ್ತದೆ."

ಯಾರದೋ ದುಡ್ಡು ತಪ್ಪಿ ಇವಳ ಖಾತೆಗೆ ಬಂದಿದೆ, ಅದು ಅವರಿಗೆ ವಾಪಸ್ಸು ಹೋಗುತ್ತದೆ ಎಂದು ಅವನ ಲೆಕ್ಕ. ತನ್ನ ದುಡ್ಡು ತನಗೆ ವಾಪಸ್ಸು ಬರುತ್ತದೆ ಎಂದು ಇವಳ ಲೆಕ್ಕ. ಇಬ್ಬರೂ ಕನ್ನಡದವರೇ. ಇಬ್ಬರೂ ನಮಸ್ಕಾರ ಹೇಳಿ ಫೋನ್ ಇಟ್ಟರು.

ಆ ವಾರವೆಲ್ಲ ಅವಳು ನಿಶ್ಚಿಂತೆಯಿಂದ ವ್ಯಾಪಾರ ಮಾಡಿದಳು. ಬಾಗಿನಕ್ಕೆ ಬಳೆ ಕೊಳ್ಳುವವರು ಗಾಡಿಗೆ ಮುಗಿಬಿದ್ದಿದ್ದರು. ವೈ.ಎನ್. ಹೊಸಕೋಟೆ ಕಡೆಯಿಂದಲೂ ಹೆಂಗಸರು ಬಸ್ಸಿಳಿದು ಬರುತ್ತಿದ್ದರು. ಎಲ್ಲರೂ ಸ್ಕ್ಯಾನ್ ಮಾಡಿದರು, ಪೆಟ್ಟಿಗೆ ಬಂತು ಬಂತು ಎಂದು ಕೂಗಿತು. ಆ ಕಳ್ಳ ಅವಳ ಫೋನಿನೊಳಗೆ ಏನೋ ಇಳಿಸಿ ಹೋಗಿದ್ದ. ಬಂದದ್ದೆಲ್ಲ ಅವನಿಗೆ ಕಾಣುತ್ತಿತ್ತು, ಸಂಜೆಗೆ ಸರಿಯಾಗಿ ಬಳಿದುಕೊಳ್ಳುತ್ತಿದ್ದ. ಆ ಹಾಳು ಪೆಟ್ಟಿಗೆ ಬಂದದ್ದನ್ನು ಬೀದಿಗೆಲ್ಲ ಕೇಳುವಂತೆ ಕೂಗುತ್ತದೆ, ಹೋದದ್ದಕ್ಕೆ ತುಟಿ ಬಿಚ್ಚುವುದಿಲ್ಲ. ಮೆಸೇಜುಗಳು ಬಂದಿದ್ದವು, ಇಂಗ್ಲಿಷಿನಲ್ಲಿ. ಅವಳು ಓದುವುದು ಕನ್ನಡ ಒಂದನ್ನೇ.

ನಾನು ಹಬ್ಬದ ಹಿಂದಿನ ದಿನ ಮಧುಗಿರಿಯಲ್ಲಿ ಬಸ್ಸು ಬದಲಿಸಿ ಪಾವಗಡಕ್ಕೆ ಬಂದೆ. ಅಕ್ಕ ಒಬ್ಬಟ್ಟಿಗೆ ಬೇಳೆ ಬೇಯಿಸುತ್ತಿದ್ದಳು. ಮಾತಿನ ಮಧ್ಯೆ, ಅದೊಂದು ಸುದ್ದಿಯೇ ಅಲ್ಲವೆನ್ನುವಂತೆ ಹೇಳಿದಳು.

"ಅಕೌಂಟ್ನಾಗೆ ದುಡ್ಡು ಹೆಚ್ಚೋಗಿತ್ತು ಕಣೇ. ನಾನೇ ಮಾತಾಡ್ದೆ. ವಾಪಸ್ ಬತ್ತದಂತೆ."

ಆ ಭಾಷೆ ನನಗೆ ಬರುತ್ತದೆ. ಆ ಅನ್ನ ತಿಂದೇ ಬೆಳೆದವಳು ನಾನು. ಫೋನು ಕಿತ್ತುಕೊಂಡು ನೋಡಿದೆ. ಕೆಳಗೆ ಕೆಳಗೆ ಎಳೆದಷ್ಟೂ ಹೋದ ದುಡ್ಡಿನ ಮೆಸೇಜೇ. ಅವಳು ಸೌಟು ಹಿಡಿದು ನನ್ನ ಮುಖ ನೋಡುತ್ತಾ ನಿಂತಿದ್ದಳು. ಒಲೆಯ ಮೇಲೆ ಬೇಳೆ ಉಕ್ಕುತ್ತಿತ್ತು.

"ಏನಂತ ಹೇಳ್ದೆ ಅವ್ನಿಗೆ? ಇದ್ದದ್ದು ಇದ್ದಂಗೆ ಹೇಳು."

ಹೇಳಿದಳು. ಸಿಟ್ಟು ಯಾರ ಮೇಲೆ ಮಾಡಲಿ? ಕಳ್ಳ ಕೈಗೆ ಸಿಗುವವನಲ್ಲ, ಫೋನಿನ ಹುಡುಗನ ಮುಖ ಕಂಡವರಿಲ್ಲ, ಎದುರಿಗಿದ್ದವಳು ಅಕ್ಕ. "ಬಾಯಿ ಬಿಟ್ಟು ಹೋಯ್ತು ಅನ್ನಕ್ಕೇನಾಗಿತ್ತು ನಿನ್ಗೆ?" ಎಂದು ಕೂಗಾಡಿದೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ, "ಹಬ್ಬದ್ ಹೊತ್ನಾಗೆ ಹಂಗೆಲ್ಲಾ ಅನ್ಬಾರ್ದು ಕಣಮ್ಮ" ಅಂದಳು.

ಹಬ್ಬ ಮುಗಿದು ಬ್ಯಾಂಕ್ ತೆರೆದ ದಿನವೇ ಹೋದೆವು. ಮ್ಯಾನೇಜರ್ ಆಂಧ್ರದ ಕಡೆಯವರು, ಒಳ್ಳೆಯ ಮನುಷ್ಯ. ಮೊದಲು ಖಾತೆಗೆ ತಡೆ ಹಾಕಿಸಿದರು. ಆಮೇಲೆ ಕಂಪ್ಯೂಟರಿನಲ್ಲಿ ಅಕ್ಕನ ಹಳೆಯ ದೂರನ್ನು ಹುಡುಕಿಸಿ ಓದಿದರು. ಗ್ರಾಹಕರ ಖಾತೆಗೆ ಹೆಚ್ಚುವರಿ ಹಣ ಬಂದಿದೆ, ವಿವರಿಸಿ ಹೇಳಲಾಗಿದೆ, ದೂರು ಮುಕ್ತಾಯ. ಕಳವಾದರೆ ಇಷ್ಟು ದಿನದೊಳಗೆ ತಿಳಿಸಬೇಕೆಂಬ ನಿಯಮವಿದೆಯಂತೆ. ಅಕ್ಕ ಮಾರನೆಯ ದಿನವೇ ತಿಳಿಸಿದ್ದಳು. ಆದರೆ ತಿಳಿಸಿದ್ದು ಕಳವನ್ನಲ್ಲ.

ನಾನು ಅಲ್ಲೇ ಪಾಠ ಶುರು ಮಾಡಿದೆ. ಹೆಚ್ಚಿದೆ ಅಂದರೆ ನಮ್ಮಲ್ಲಿ ಮುಗಿದಿದೆ ಅಂತ ಅರ್ಥ, ಇದು ಹಿರಿಯರಿಂದ ಬಂದ ಮಾತು ಎಂದೆಲ್ಲ ದನಿ ಏರಿಸಿ ಹೇಳಿದೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮ್ಯಾನೇಜರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೀವು ಹೇಳಬೇಕಾಗಿಲ್ಲ ಅಮ್ಮಾ. ನಮ್ಮ ತಾಯಿ ಅಕ್ಕಿ ಆಗೋದ್ರೆ ಬಿಯ್ಯಂ ನಿಂಡುಕುನ್ನಾಯಿ ಅಂತಾರೆ. ಅಕ್ಕಿ ತುಂಬಿದೆ ಅಂತ. ನನಗೆ ಗೊತ್ತಾಗುತ್ತೆ. ಮೇಲಿನವರಿಗೆ ಹೆಂಗೆ ಹೇಳಲಿ?"

ಆದರೂ ಅವರು ಪ್ರಯತ್ನ ಬಿಡಲಿಲ್ಲ. ಸಹಾಯವಾಣಿಗೆ ಮತ್ತೆ ಫೋನ್ ಹಚ್ಚಿ, ಹೊಸ ದೂರು ಕೊಡಿ ಎಂದು ಅಕ್ಕನ ಕೈಗಿಟ್ಟರು. ಖಾತೆದಾರರ ಬಾಯಿಂದಲೇ ಬರಬೇಕಂತೆ. ಈ ಸಲ ಒಬ್ಬ ಹುಡುಗಿ. ಏನಾಗಿದೆ ಹೇಳಿ ಎಂದಳು.

"ದುಡ್ಡು..." ಎಂದು ಅಕ್ಕ ನಿಲ್ಲಿಸಿದಳು. "ದುಡ್ಡೆಲ್ಲ ಹೆಚ್ಚೈ..."

"ಹೋಯ್ತು ಅನ್ನಕ್ಕ!" ನಾನು ಹಲ್ಲು ಕಚ್ಚಿಕೊಂಡು ಅಂದೆ.

ಅವಳು ಗೋಡೆಯ ಲಕ್ಷ್ಮಿಯ ಕ್ಯಾಲೆಂಡರಿಗೆ ಬೆನ್ನು ಮಾಡಿ ತಿರುಗಿದಳು. ಬಾಯಿಗೆ ಸೆರಗು ಅಡ್ಡ ಹಿಡಿದು ಏನೋ ಅಂದಳು. ಕೇಳಿಸಲಿಲ್ಲ, ಜೋರಾಗಿ ಹೇಳಿ ಎಂದಳು ಆ ಹುಡುಗಿ.

"ಹೋಯ್ತು ಕಣವ್ವ. ನನ್ ದುಡ್ಡೆಲ್ಲ ಹೋಯ್ತು. ಏನೂ ಇಲ್ಲ."

ಭಾವ ಸತ್ತಾಗಲೂ ನಾನು ಅವಳನ್ನು ಹಾಗೆ ಕಂಡಿರಲಿಲ್ಲ. ಮಾತು ಹೊರಗೆ ಬಂದದ್ದೇ ತಡ, ಅಲ್ಲೇ ಕುಸಿದು ಕುಳಿತಳು. ನಾನೇ ಆ ಮಾತನ್ನು ಅವಳ ಬಾಯಿಂದ ಹೊರಡಿಸಿದ್ದೆ, ಬೇರೆ ದಾರಿ ಇರಲಿಲ್ಲ.

ಪೊಲೀಸರಿಗೂ ದೂರು ಕೊಟ್ಟೆವು. ದುಡ್ಡು ಖಾತೆಯಿಂದ ಖಾತೆಗೆ ಹಾರಿ, ಕೊನೆಗೆ ಯಾವುದೋ ರಾಜ್ಯದಲ್ಲಿ ನೋಟಾಗಿ ಹೊರಬಿದ್ದಿತ್ತಂತೆ. ಬ್ಯಾಂಕಿನ ಮೇಲಿನವರಿಂದ, ದೂರು ತಡವಾಗಿದೆ, ಪಿನ್ನನ್ನು ನೀವೇ ಒತ್ತಿದ್ದೀರಿ ಎಂದು ಉತ್ತರ ಬಂತು. ಮ್ಯಾನೇಜರ್ ಅದನ್ನು ನಮಗೆ ಓದಿ ಹೇಳುವಾಗ ಕತ್ತೆತ್ತಲಿಲ್ಲ. ನಾನು ಮುಂಗಡ ಕಟ್ಟುತ್ತೇನೆಂದು ಮಳಿಗೆಯ ಮಾಲೀಕನ ಹತ್ತಿರ ಓಡಿದೆ. ಅಷ್ಟರಲ್ಲಿ ಅವನು ಅದನ್ನು ಮೊಬೈಲ್ ಕವರ್ ಮಾರುವವರಿಗೆ ಕೊಟ್ಟಾಗಿತ್ತು. ಬೇರೆ ಅಂಗಡಿ ನೋಡೋಣ ಎಂದು ಅಕ್ಕನಿಗೆ ಹೇಳಿದೆ. ಬೇಡ ಅಂದಳು. ವಾದ ಕೂಡ ಮಾಡಲಿಲ್ಲ.

ಗಾಡಿ ಮತ್ತೆ ಅದೇ ಜಾಗದಲ್ಲಿ ನಿಂತಿತು. ಸ್ಕ್ಯಾನರ್ ಕಿತ್ತು ಬಿಸಾಕಿದ್ದಳು, ನಗದು ಮಾತ್ರ. ಪೆಟ್ಟಿಗೆ ಮನೆಯ ಮೂಲೆಯಲ್ಲಿ ಬಿದ್ದಿತ್ತು. ಒಂದು ದಿನ ನಾನು ಇರುವಾಗಲೇ ಒಬ್ಬಳು ಹೊಸ ಮದುವಣಗಿತ್ತಿ ಬಂದು, ಗೊತ್ತಿಲ್ಲದೆಯೋ ಗೊತ್ತಿದ್ದೋ, ತೊಡಿಸಿ ಎಂದು ಕೈ ಮುಂದೆ ಮಾಡಿದಳು. ಅಕ್ಕ ಆ ಕೈಯನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಳೆಯನ್ನು ಕಾಗದದಲ್ಲಿ ಸುತ್ತಿ ಕೊಟ್ಟು, "ಮನೇಲಿ ಯಾರ್ ಕೈಲಾದ್ರೂ ಇಕ್ಕಿಸ್ಕೋ ತಾಯಿ" ಅಂದಳು.

ಸಂಕ್ರಾಂತಿ ರಜೆಗೆ ಹೋದಾಗ ಅಡಿಗೆಗೆ ನಾನೇ ನಿಂತೆ. ಒಲೆಗೆ ಎಸರಿಟ್ಟು, ಅಕ್ಕಿ ಎಲ್ಲಿ ಎಂದು ಕೇಳಿದೆ.

"ಇಲ್ಲ ಕಣೆ," ಅಂದಳು ಅಕ್ಕ, ಬಳೆಗಳನ್ನು ಅಳತೆ ನೋಡಿ ದಾರಕ್ಕೆ ಪೋಣಿಸುತ್ತಾ. "ಅಕ್ಕಿ ಖಾಲಿ."

ನಾನು ಹುಟ್ಟಿದಾಗಿನಿಂದ ನಮ್ಮ ಅಡಿಗೆಮನೆಯಲ್ಲಿ ಕೇಳದ ಮಾತದು.

"ಹಂಗನ್ಬಾರ್ದು ಕಣಕ್ಕ," ಅಂದೆ. "ಹೆಚ್ಚೈತೆ ಅನ್ನು."

ಅವಳು ಬಳೆಯಿಂದ ಕಣ್ಣೆತ್ತಲಿಲ್ಲ.

"ಹಂಗಂದ್ರೆ ಯಾರ್ಗೂ ತಿಳಿಯಕಿಲ್ಲ ಬುಡು."

ನಾನು ಗೂಟದ ಮೇಲಿದ್ದ ಚೀಲ ತೆಗೆದುಕೊಂಡು ಅಂಗಡಿಗೆ ಹೋದೆ.