ಸಿಂಡಿಕೇಟ್ ಕಟ್ಟೆಯ ಅಫ್ಜಲುನ್ನೀಸಾ ಮೇಡಂ

2023ರ ಜುಲೈ ಹದಿನಾಲ್ಕರಂದು ಜಯಮಂಗಲಿ ವಿಶ್ವವಿದ್ಯಾಲಯವು ಬಿ.ಎ. ಅಂತಿಮ ಸೆಮಿಸ್ಟರಿನ ಫಲಿತಾಂಶ ಪ್ರಕಟಿಸಿತು. ಮಿಡಿಗೇಶಿ ಕೇಂದ್ರದಲ್ಲಿ ಇತಿಹಾಸ ಪತ್ರಿಕೆ ಬರೆದಿದ್ದ ನಲವತ್ತೊಂದು ವಿದ್ಯಾರ್ಥಿಗಳ ಹೆಸರಿನ ಎದುರು ‘ಗೈರುಹಾಜರು’ ಎಂದಿತ್ತು. ನಲವತ್ತೊಂದು ಮಂದಿಯೂ ಅಂದು ಹಾಜರಿದ್ದರು.

ಆ ಕೇಂದ್ರದ ಮೇಲ್ವಿಚಾರಕರಾಗಿದ್ದವರು ಇತಿಹಾಸದ ಪ್ರಾಧ್ಯಾಪಕಿ ಅಫ್ಜಲುನ್ನೀಸಾ. ಉತ್ತರಪತ್ರಿಕೆಗಳ ಕಟ್ಟಿಗೆ ಬಟ್ಟೆ ಸುತ್ತಿ, ಅರಗಿನ ಮುದ್ರೆಯೊತ್ತಿ, ತಮ್ಮ ಕೈಯಾರೆ ಸಹಿ ಮಾಡಿ ಕಳುಹಿಸಿದವರು ಅವರೇ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಕಾಲೇಜು ಶಿಕ್ಷಣದ ಕಥೆಯನ್ನು ಯಾರಾದರೂ ಪ್ರಾಮಾಣಿಕವಾಗಿ ಬರೆಯಹೊರಟರೆ, ಆಡಳಿತ ಕಟ್ಟಡದ ಗೋಡೆಯ ಮೇಲಿನ ಕುಲಪತಿಗಳ ಭಾವಚಿತ್ರಗಳನ್ನು ದಾಟಿಕೊಂಡು, ಮೊಬೈಲಿನಲ್ಲಿ ಅವರು ಎಂಟು ವರ್ಷ ನಡೆಸಿದ ಒಂದು ಹರಟೆಕಟ್ಟೆಯ ಬಳಿಗೆ ಬಂದು ನಿಲ್ಲಲೇಬೇಕಾಗುತ್ತದೆ.

ಅವರ ತಂದೆ ಹಿದಾಯತುಲ್ಲಾ ಸಾಹೇಬರು ಶಿರಾ ಪೇಟೆಯಲ್ಲಿ ಕಚೇರಿಗಳ ದಫ್ತರುಗಳಿಗೆ ರಟ್ಟು ಕಟ್ಟುತ್ತಿದ್ದರು. ಮನೆಯಲ್ಲಿ ಕಥೆಪುಸ್ತಕಗಳಿರಲಿಲ್ಲ, ಬಿಚ್ಚಿ ಹರಡಿದ ಸುತ್ತೋಲೆಗಳಿದ್ದವು. ಏಳು ವರ್ಷದ ಹುಡುಗಿ ‘ಸದರಿ’, ‘ಮೇಲ್ಕಂಡ’, ‘ಹಾಜರಾಗತಕ್ಕದ್ದು’ ಎಂಬ ಮಾತುಗಳನ್ನು ಗಟ್ಟಿಯಾಗಿ ಓದಿ ಬಿದ್ದು ಬಿದ್ದು ನಗುತ್ತಿದ್ದಳಂತೆ. ಸರ್ಕಾರದ ಭಾಷೆಗೆ ಹೆದರುವ ಮೊದಲೇ ಅದನ್ನು ನೋಡಿ ನಗಲು ಕಲಿತದ್ದು ಅವರ ಮೊದಲ ವಿದ್ಯಾಭ್ಯಾಸ.

1992ರಲ್ಲಿ ಮಿಡಿಗೇಶಿಯ ಕಾಲೇಜಿಗೆ ಬಂದಾಗ ಇದ್ದದ್ದು ಎರಡು ಕೊಠಡಿ, ಒಂದು ಕಪ್ಪುಹಲಗೆ. ಪಾವಗಡದ ಗಡಿಯ ಹಳ್ಳಿಯಿಂದ ಬರುತ್ತಿದ್ದ ಕದರಪ್ಪ ಎಂಬ ವಿದ್ಯಾರ್ಥಿ ಮೊದಲ ಕಿರುಪರೀಕ್ಷೆಯಲ್ಲಿ ಖಾಲಿ ಹಾಳೆ ಕೊಟ್ಟು, “ಮೇಡಂ, ನಾಕು ಕನ್ನಡ ರಾಯಡಂ ರಾದು” ಎಂದು, ಕನ್ನಡ ಬರೆಯಲು ಬಾರದೆಂಬುದನ್ನು ತೆಲುಗಿನಲ್ಲೇ ಹೇಳಿ ತಲೆ ತಗ್ಗಿಸಿದ. “ಮುಂದು ತೆಲುಗುಲೋ ಚೆಪ್ಪು, ಆಮೇಲೆ ಕನ್ನಡದಲ್ಲಿ ಬರಿ. ನಾನೇನ್ ಓಡೋಗ್ತೀನಾ?” ಎಂದರು ಅಫ್ಜಲುನ್ನೀಸಾ. ಒಂದು ವರ್ಷ ಪೂರ್ತಿ, ಮಧುಗಿರಿ ಬಸ್ಸು ಬರುವವರೆಗಿನ ಮುಕ್ಕಾಲು ಗಂಟೆ, ಕದರಪ್ಪ ಮೊದಲು ತೆಲುಗಿನಲ್ಲಿ ಹೇಳಿದ, ಆಮೇಲೆ ಕನ್ನಡದಲ್ಲಿ ಬರೆದ. ಇಂದು ಅವರು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾರೆ, ಅಚ್ಚ ಕನ್ನಡದಲ್ಲಿ.

ಆದರೆ ಅಫ್ಜಲುನ್ನೀಸಾ ಅವರನ್ನು ಕಟ್ಟೆಗೆ ತಂದು ಕೂರಿಸಿದ್ದು ಚಿಕ್ಕಹನುಮಕ್ಕ. ಮದಲೂರಿನ ಈ ಕೂಲಿ ಹೆಣ್ಣುಮಗಳು 2017ರಲ್ಲಿ ಮಗಳ ಅಂಕಪಟ್ಟಿಗಾಗಿ ವಿಶ್ವವಿದ್ಯಾಲಯಕ್ಕೆ ನಾಲ್ಕು ಸಲ ಅಲೆದು, ಕೊನೆಗೆ ಕಾಲೇಜಿನ ಮೆಟ್ಟಿಲ ಮೇಲೆ ಬಂದು ಕೂತರು. “ಆ ಕಿಟಕಿಗೋಗು ಈ ಕಿಟಕಿಗೋಗು ಅಂತವ್ರೆ. ಕಿಟಕಿ ಎಣಿಸ್ಲಿ ಅಂತ ಓದ್ಸಿದ್ನಾ ಕಣಮ್ಮ ನಾನು?” ಮರುದಿನ ಅಫ್ಜಲುನ್ನೀಸಾ ರಜೆ ಹಾಕಿ, ಇಬ್ಬರಿಗೂ ಬುತ್ತಿ ಕಟ್ಟಿಕೊಂಡು ಅವರ ಜೊತೆ ಹೋದರು. ಬೇಕಾಗಿದ್ದ ಅರ್ಜಿ ಒಂದೇ. ಅದನ್ನು ಕೊಡಬೇಕಾದ ಕಿಟಕಿ ಆರನೆಯದು. ಅದನ್ನು ಹೇಳುವವರು ಆ ಇಡೀ ಕಟ್ಟಡದಲ್ಲಿ ಯಾರೂ ಇರಲಿಲ್ಲ, ಅಷ್ಟೆ. ಬರುವಾಗ ಬಸ್ಸಿನಲ್ಲಿ ಅವರು, ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ಹೆಸರನ್ನೇ ಅಣಕಿಸಿ, ‘ಸಿಂಡಿಕೇಟ್ ಕಟ್ಟೆ’ ಎಂಬ ವಾಟ್ಸಾಪ್ ಗುಂಪು ತೆರೆದರು.

ಆ ವರ್ಷಗಳಲ್ಲಿ ವಿಶ್ವವಿದ್ಯಾಲಯವನ್ನು ನೋಡಿ ನಗದೆ ಇರುವುದು ಕಷ್ಟವಿತ್ತು. ಹನ್ನೊಂದು ತಿಂಗಳು ಕುಲಪತಿಗಳಿರಲಿಲ್ಲ. ಇದ್ದ ಪ್ರಭಾರಿಗಳು ಪ್ರಭಾರವನ್ನು ಇನ್ನೊಬ್ಬ ಪ್ರಭಾರಿಗೆ ವಹಿಸಿ ಪ್ರವಾಸ ಹೋಗುತ್ತಿದ್ದರು. ಕಟ್ಟೆಯಲ್ಲಿ ಒಂದು ಅಣಕು ಸುತ್ತೋಲೆ ಹೊರಟಿತು: “ಕುಲಪತಿಗಳ ಹಾಜರಾತಿಯು ಶೇಕಡಾ ಎಪ್ಪತ್ತೈದಕ್ಕಿಂತ ಕಡಿಮೆ ಇರುವುದರಿಂದ ಸದರಿಯವರಿಗೆ ಪ್ರವೇಶಪತ್ರ ನೀಡಲಾಗುವುದಿಲ್ಲ.” ನಾಲ್ಕು ತಾಲ್ಲೂಕುಗಳ ಒಂಬೈನೂರು ಜನ ನಕ್ಕರು.

ಕಟ್ಟೆಗೆ ಅವರು ಹಾಕಿದ ಕಟ್ಟಳೆ ವಿಚಿತ್ರವಾಗಿತ್ತು. ಚಿಲ್ಲರೆ ಹರಟೆಯನ್ನು ಯಾರು ಬೇಕಾದರೂ ಹೊಡೆಯಬಹುದು. ಸುತ್ತೋಲೆ ಮಾತ್ರ ಮೊದಲು ಅವರಿಗೆ ಹೋಗಬೇಕು, ಬರೆದವರ ಹೆಸರಿಲ್ಲದೆ ಅವರ ಮೂಲಕವೇ ಹೊರಡಬೇಕು. ಜಾತಿ, ಮೈಬಣ್ಣ, ಮನೆಯ ಹೆಣ್ಣುಮಕ್ಕಳ ಮಾತು ಬಂದರೆ ಹೊಡೆದುಹಾಕುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ನಗೆಗೂ ಒಂದು ಬಾಲ ಇರಬೇಕು: ಯಾವ ಅರ್ಜಿ, ಎಷ್ಟನೆಯ ಕಿಟಕಿ, ಕೊನೆಯ ದಿನ ಯಾವುದು. ಬಾಲವಿಲ್ಲದೆ ಬಂದದ್ದಕ್ಕೆ “ಬಾಲ ಎಲ್ಲಪ್ಪ?” ಎಂಬ ಉತ್ತರ ಹೋಗುತ್ತಿತ್ತು. ನಗಲು ಬಂದವರು ಬಾಲ ಹಿಡಿದು ಅಂಕಪಟ್ಟಿ ಪಡೆದರು, ವಿದ್ಯಾರ್ಥಿವೇತನ ಪಡೆದರು. ಇತ್ತ ವಿಶ್ವವಿದ್ಯಾಲಯದ ಸಹಾಯವಾಣಿ ಎರಡು ವರ್ಷ ರಿಂಗಾಗುತ್ತಲೇ ಇತ್ತು.

2023ರ ಏಪ್ರಿಲ್‌ನಲ್ಲಿ ಒಂದೇ ಕುರ್ಚಿಗೆ ಇಬ್ಬರು ಕುಲಸಚಿವರಾದರು. ಒಬ್ಬರ ಕೈಯಲ್ಲಿ ಸರ್ಕಾರದ ಆದೇಶ, ಇನ್ನೊಬ್ಬರ ಕೈಯಲ್ಲಿ ನ್ಯಾಯಾಲಯದ ತಡೆಯಾಜ್ಞೆ. ಇಬ್ಬರೂ ಆ ಕೊಠಡಿಯ ಹಕ್ಕು ಬಿಡಲಿಲ್ಲ. ಜೂನ್ ಕೊನೆಗೆ ಆದೇಶದವರು ಬಾಗಿಲಿಗೆ ಬೀಗ ಜಡಿದರೆ, ತಡೆಯಾಜ್ಞೆಯವರು ಅದರ ಮೇಲೊಂದು ಬೀಗ ಜಡಿದರು.

“ಆ ಬಾಗ್ಲು ಈಗ ಡಬಲ್ ಡಿಗ್ರಿ ಕಣ್ಲಾ,” ಎಂದು ಕೊರಟಗೆರೆಯ ಒಬ್ಬ ವಿದ್ಯಾರ್ಥಿ ಕಟ್ಟೆಯಲ್ಲಿ ಹಾಕಿದ.

“ನಮ್ಗೆ ಒಂದುಕ್ಕೇ ಗತಿಯಿಲ್ಲ, ಬಾಗ್ಲಿಗೆ ಎರ್ಡಾ?” ಎಂದ ಇನ್ನೊಬ್ಬ.

ಶಿರಾದ ಜೆರಾಕ್ಸ್ ಅಂಗಡಿಯ ಖಲೀಲ್ ಕೇಳಿದರು: “ಇಂಟರ್ನಲ್ ಮಾರ್ಕ್ಸ್ ಯಾರ್ ಕೊಟ್ರಪ್ಪ ಅದುಕ್ಕೆ?”

ಹದಿನೈದು ದಿನಕ್ಕೆ ಆ ನಲವತ್ತೊಂದು ಹೆಸರುಗಳ ಫಲಿತಾಂಶ ಬಂತು. ನಗೆ ನಿಂತಿತು. ಅಫ್ಜಲುನ್ನೀಸಾ ದೂರವಾಣಿ ಮಾಡಿದರು, ಪತ್ರ ಬರೆದರು, ಖುದ್ದಾಗಿ ಹೋದರು. ಕಟ್ಟು ತಲುಪಿಲ್ಲ ಎಂದರು ಒಬ್ಬರು. ತಲುಪಿದೆ, ಆದರೆ ಎಲ್ಲಿದೆಯೋ ಗೊತ್ತಿಲ್ಲ ಎಂದರು ಮತ್ತೊಬ್ಬರು. ಆ ವಾರ ಅವರಿಗೆ ಊಟ ಸೇರಲಿಲ್ಲ. ತಮ್ಮ ಸಹಿ ಬಿದ್ದ ಕಟ್ಟಿನೊಳಗೆ ನಲವತ್ತೊಂದು ಮಕ್ಕಳು ಎಲ್ಲೋ ಉಸಿರುಗಟ್ಟಿ ಕೂತಿದ್ದಾರೆ ಎಂದೇ ಅವರಿಗೆ ಅನಿಸುತ್ತಿತ್ತು.

ಆಗ ಆ ನಲವತ್ತೊಂದು ಮಂದಿಯಲ್ಲೇ ಒಬ್ಬರು ಅವರಿಗೊಂದು ಸುತ್ತೋಲೆ ಕಳುಹಿಸಿದರು. ಬರೆದವರ ಹೆಸರು ಈ ಲೇಖನದಲ್ಲಿಯೂ ಇಲ್ಲ. “ಸದರಿ ನಲವತ್ತೊಂದು ವಿದ್ಯಾರ್ಥಿಗಳು ಮೂರು ಗಂಟೆಗಳ ಕಾಲ ಪರೀಕ್ಷಾ ಕೊಠಡಿಯಲ್ಲಿ ಕುಳಿತು, ಬರೆದು, ಗೈರುಹಾಜರಾಗಿರುವುದು ದೃಢಪಟ್ಟಿರುತ್ತದೆ. ಆದುದರಿಂದ ಇದೇ ಇಪ್ಪತ್ತನಾಲ್ಕರ ಸೋಮವಾರ ಹನ್ನೊಂದು ಗಂಟೆಗೆ ಸದರಿಯವರು ಆಡಳಿತ ಕಟ್ಟಡಕ್ಕೆ ಖುದ್ದಾಗಿ ಬಂದು, ತಾವು ಇಲ್ಲವೆಂಬುದನ್ನು ಸಾಬೀತುಪಡಿಸತಕ್ಕದ್ದು. ಆ ವೇಳೆಗೆ ಕುಲಸಚಿವರ ಕೊಠಡಿಯನ್ನು ತೆರೆದಿಡತಕ್ಕದ್ದು.” ಬಾಲವೂ ಇತ್ತು: ಮರುಪರಿಶೀಲನೆಯ ಅರ್ಜಿಗೆ ಸೋಮವಾರವೇ ಕೊನೆಯ ದಿನ, ಪ್ರವೇಶಪತ್ರದ ಪ್ರತಿ ಮರೆಯಬೇಡಿ. ಓದಿ, ವಾರದಲ್ಲಿ ಮೊದಲ ಸಲ ನಕ್ಕು, ಅಫ್ಜಲುನ್ನೀಸಾ ಅದನ್ನು ಕಟ್ಟೆಗೆ ಹಾಕಿದರು.

ಅದು ಕೈಯಿಂದ ಕೈಗೆ ದಾಟಿ ವಿಶ್ವವಿದ್ಯಾಲಯದ ಟಪಾಲು ಶಾಖೆಯ ಮಹಾಲಿಂಗಯ್ಯನವರ ಮೊಬೈಲಿಗೆ ಬಂತು. ‘ತಕ್ಕದ್ದು’ ಎಂದು ಮುಗಿಯುವ ಯಾವುದನ್ನೂ ಮೂವತ್ತು ವರ್ಷದಿಂದ ಸಂಶಯಿಸಿರದ ಆ ಸಜ್ಜನರು ಅದನ್ನು ಮುದ್ರಿಸಿ, ಟಪಾಲು ಸಂಖ್ಯೆ ಹಾಕಿ, ಇಬ್ಬರು ಕುಲಸಚಿವರಿಗೂ ಒಂದೊಂದು ಪ್ರತಿ ಕಳುಹಿಸಿದರು. ಆದೇಶದವರು ಇದನ್ನು ತಡೆಯಾಜ್ಞೆಯವರು ಹೊರಡಿಸಿದ್ದೆಂದು ತಿಳಿದರು. ತಡೆಯಾಜ್ಞೆಯವರು ಆದೇಶದವರ ಕೆಲಸವೆಂದು ತಿಳಿದರು. ಇನ್ನೊಬ್ಬರು ಒಬ್ಬರೇ ಒಳಹೊಕ್ಕಾರೆಂಬ ಭಯದಲ್ಲಿ ಸೋಮವಾರ ಹನ್ನೊಂದಕ್ಕೆ ಐದು ನಿಮಿಷ ಮೊದಲೇ ಇಬ್ಬರೂ ಬೀಗದಕೈ ಹಿಡಿದು ಬಾಗಿಲಲ್ಲಿ ನಿಂತಿದ್ದರು.

ವಿದ್ಯಾರ್ಥಿಗಳು ಬಾಲ ನಂಬಿ ಬಂದಿದ್ದರು. ವಿಶ್ವವಿದ್ಯಾಲಯ ತಲೆ ನಂಬಿ ಬಂದಿತ್ತು. ಬಾಗಿಲು ತೆರೆಯಿತು. ಮೇಜಿನ ಮೇಲೆ ಧೂಳು ಹೊದ್ದು, ಅರಗು ಒಡೆಯದೆ, ಅಫ್ಜಲುನ್ನೀಸಾ ಅವರ ಸಹಿಯೊಂದಿಗೆ ಆ ಕಟ್ಟು ಕೂತಿತ್ತು. ಬೀಗ ಬಿದ್ದ ದಿನ ಬೆಳಿಗ್ಗೆ ಯಾರೋ ಅಲ್ಲಿಟ್ಟು ಹೋಗಿದ್ದರು. ವಿದ್ಯಾರ್ಥಿಗಳ ಜೊತೆ ಬಂದಿದ್ದ ಅಫ್ಜಲುನ್ನೀಸಾ ಹತ್ತಿರ ಹೋಗಿ ಬಟ್ಟೆಯ ಮೇಲೆ ಅಂಗೈ ಇಟ್ಟರು. ಹಿಂದೆ ಕಾರಿಡಾರಿನಲ್ಲಿ ಯಾರೋ ಅಳುತ್ತಿದ್ದರು, ಯಾರೋ ಅಳುವವರನ್ನು ರೇಗಿಸುತ್ತಿದ್ದರು.

ನಲವತ್ತೊಂದರಲ್ಲಿ ಮೂವತ್ತೆಂಟು ಮಂದಿ ತೇರ್ಗಡೆಯಾದರು. ಉತ್ತರಪತ್ರಿಕೆ ಕಳೆದವರ ಮೇಲೆ ಯಾವ ವಿಚಾರಣೆಯೂ ನಡೆಯಲಿಲ್ಲ. ನಕಲಿ ಸುತ್ತೋಲೆ ಬರೆದವರನ್ನು ಹುಡುಕಲು ಮಾತ್ರ ಸಮಿತಿ ರಚನೆಯಾಯಿತು. ಬರೆದದ್ದು ವಿದ್ಯಾರ್ಥಿಯೇ ಇರಬೇಕು, ಸಿಕ್ಕರೆ ಅವರ ಪದವಿ ರದ್ದು ಎಂದು ಮೊದಲ ಸಭೆಯಲ್ಲೇ ನಿರ್ಣಯವಾಯಿತು. ಎರಡು ಬೀಗ ತೆಗೆಯಲಾಗದ ಆಡಳಿತಕ್ಕೆ ಒಂದು ಪದವಿ ಕಿತ್ತುಕೊಳ್ಳುವುದು ಎಷ್ಟು ಸಲೀಸು.

ಸುದ್ದಿ ತಿಳಿದ ಸಂಜೆ ಬರೆದವರು ಫೋನ್ ಮಾಡಿದರು. “ಮೇಡಂ, ನಾನೇ ಹೋಗಿ ಒಪ್ಕಂಬುಡ್ತೀನಿ. ನಿಮ್ಗ್ಯಾಕೆ ಈ ವಯಸ್ನಾಗೆ ಇದೆಲ್ಲ?”

“ನನ್ ವಯಸ್ಸಿನ ಮಾತು ಬ್ಯಾಡ. ಬಿ.ಎಡ್. ಅರ್ಜಿ ಹಾಕಿದ್ಯಾ?”

“ಇಲ್ಲ ಮೇಡಂ.”

“ಶುಕ್ರವಾರ ಕೊನೆ ದಿನ. ಮೊದ್ಲು ಅದು ಮಾಡು.”

ಸಮಿತಿಯ ಮೊದಲ ನೋಟಿಸಿಗೆ ಅಫ್ಜಲುನ್ನೀಸಾ ಅವರ ಉತ್ತರ ಒಂದೇ ಸಾಲಿನದು: ಕಟ್ಟೆಗೆ ಹಾಕಿದವಳು ನಾನು. ಎರಡನೆಯದಕ್ಕೂ ಅದೇ ಸಾಲು. ಅವರ ಬಡ್ತಿಯ ಕಡತ ನಿಂತುಹೋಯಿತು. ಇದೇ ಮೇ ಮೂವತ್ತೊಂದರಂದು, ಮೂವತ್ತಮೂರು ವರ್ಷಗಳ ಸೇವೆಯ ಕೊನೆಗೆ, ಅದೇ ಹುದ್ದೆಯಿಂದ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಕದರಪ್ಪ ಮೇಷ್ಟ್ರು ಭಾಷಣಕ್ಕೆಂದು ಎದ್ದು, ತೆಲುಗಿನಲ್ಲಿ ಏನೋ ಹೇಳಿ ಕೂತರು. ಮೇಡಂ ಅವರ ಕಣ್ಣು ಕಾಲು ಗಟ್ಟಿಯಾಗಿರಲಿ, ಮಧುಗಿರಿ ಬಸ್ಸಿನ ಕಿಟಕಿಯ ಸೀಟು ಅವರಿಗೇ ಸಿಗಲಿ, ಕಟ್ಟೆಯ ಮೇಲೆ ಅವರು ಇನ್ನೂ ನೂರಾರು ಮಕ್ಕಳನ್ನು ನಗಿಸಿ ದಡ ಹತ್ತಿಸಲಿ ಎಂಬುದು ನಾಲ್ಕು ತಾಲ್ಲೂಕುಗಳ ಹಾರೈಕೆ.

ಕಳೆದ ತಿಂಗಳು ಮೂರನೆಯ ನೋಟಿಸು ಬಂತು. ವಿಚಾರಣಾಧಿಕಾರಿ ನರಸಿಂಹರಾಜು ಮೃದು ಸ್ವಭಾವದವರು. ಹಾಜರಾದ ಅಫ್ಜಲುನ್ನೀಸಾ ಅವರಿಗೆ ಕಾಫಿ ತರಿಸಿ, ಬಿಳಿ ಹಾಳೆಯನ್ನೂ ಪೆನ್ನನ್ನೂ ಮುಂದಿಟ್ಟರು.

“ಮೇಡಂ, ನೀವು ರಿಟೈರ್ ಆದ್ರಿ, ಬರೋ ವರ್ಷ ನಾನೂ ಆಗ್ತೀನಿ. ಒಂದೇ ಒಂದು ಹೆಸ್ರು ಬರ್ದುಬುಡಿ, ನಿಮ್ ಮೇಲಿರೋ ಫೈಲು ಇವತ್ತೇ ಮುಚ್ಚಿಸ್ತೀನಿ. ಪೋಸ್ಟ್ ಮಾಡಿದ್ದು ನೀವು, ಸರಿ. ಬರ್ದಿದ್ದು ನೀವಲ್ಲ ಅಂತ ನಂಗೂ ಗೊತ್ತು, ನಿಮ್ಗೂ ಗೊತ್ತು.”

“ಗೊತ್ತು ಸಾರ್.”

“ಮತ್ತೆ ಬರೀರಿ.”

ಅಫ್ಜಲುನ್ನೀಸಾ ಪೆನ್ನನ್ನು ಹಾಳೆಯ ಮೇಲಿಟ್ಟು, ಎರಡನ್ನೂ ಒಟ್ಟಿಗೆ ಅವರ ಕಡೆಗೆ ಸರಿಸಿದರು.

“ಕಾಫಿ ಕುಡಿತೀನಿ ಸಾರ್. ಹೆಸ್ರು ಬರೆಯಲ್ಲ.”